ತಾಂಬೂಲಕ್ಕೊಂದು ಕಳ್ಳಿಗಿಡ

ಕಳ್ಳಿ ಸಾಕುವುದರಷ್ಟು ಸುಲಭದ ಕೆಲಸ ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಗುಲಾಬಿಗೆ ಗೊಬ್ಬರ ಬೇಕು, ಮಲ್ಲಿಗೆಗೆ ಚಪ್ಪರ ಬೇಕು, ತುಳಸಿಗೆ ಪ್ರದಕ್ಷಿಣೆ ಬೇಕು. ಕಳ್ಳಿಗೆ ಏನೂ ಬೇಡ. ಏನೂ ಬೇಡದವರನ್ನು ಸಾಕುವುದು ಏನು ಮಹಾ ಕಷ್ಟ? ಬೇಸಗೆಯಲ್ಲಿ ನೀರಿನ ಲಾರಿಯ ಸದ್ದು ಕೇಳಿದರೆ ಬಕೆಟ್ ಹಿಡಿದು ಓಡುವ ಚೆನ್ನೈಯ ಪೋರೂರಿನ ನಮ್ಮಂಥ ಫ್ಲ್ಯಾಟಿನವರಿಗೆ ದೇವರು ಅಳತೆ ಕೊಟ್ಟು ಮಾಡಿಸಿದ ಗಿಡ ಅದು. ಹೀಗೆಂದುಕೊಂಡು ಮೊದಲನೆಯ ಗಿಡ ತಂದೆ.

ಒಂಬತ್ತನೆಯ ದಿನ ಅದು ತೀರಿಕೊಂಡಿತು.

ಕಾರಣ ನಾನೇ. ಕರಾವಳಿಯ ಹೆಂಗಸು ನಾನು. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲಲು ನನಗೆ ಕೈ ಬರುವುದಿಲ್ಲ. ಊರಲ್ಲಾದರೆ ಆ ಅಕ್ಕಚ್ಚು ದನಕ್ಕೆ ಹೋಗುತ್ತದೆ. ಪೋರೂರಿನ ಎರಡನೆಯ ಮಾಳಿಗೆಯಲ್ಲಿ ದನ ಎಲ್ಲಿಂದ ತರಲಿ? ದಿನಾ ಬೆಳಿಗ್ಗೆ ಒಂದು ಲೋಟ ಕಳ್ಳಿಗೆ ಕುಡಿಸಿದೆ. ಗಿಡ ಉಬ್ಬಿತು. ಮೈಕೈ ತುಂಬಿಕೊಂಡಿದೆ ಎಂದು ಸಂತೋಷಪಟ್ಟೆ. ಮರುದಿನ ಮುಟ್ಟಿದರೆ ಬೆರಳು ಸೀದಾ ಒಳಗೆ ಹೋಯಿತು, ಬೆಂದ ಬದನೆಕಾಯಿಯೊಳಕ್ಕೆ ಹೋದ ಹಾಗೆ!

"ಎಂತ ಮಾರಾಯ್ತಿ, ಎರಡು ದಿನ ಮೊದಲೇ ಹೇಳಿದ್ದರೆ ಗೊಜ್ಜಾದರೂ ಮಾಡಬಹುದಿತ್ತು" ಎಂದರು ನಮ್ಮವರು. ಅವರು ತ್ರಿಪ್ಲಿಕೇನಿನಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಲೋಕದ ಸಕಲ ವಿಚಾರಗಳನ್ನೂ ಒಲೆಯ ಮೇಲಿಟ್ಟೇ ನೋಡುತ್ತಾರೆ.

ಆದರೆ ನಾನು ತಾಳ್ಮೆಯವಳು. ಐದಾರು ಗಿಡಗಳ ಬಲಿದಾನವಾದ ಮೇಲೆ ಕೈ ಕುದುರಿತು. ಮಣ್ಣಿಗಿಂತ ಮರಳು ಹೆಚ್ಚಿರಬೇಕು, ನೀರು ಕೊಡಬೇಕೆಂದು ಕೈ ತುರಿಸಿದಾಗ ಆ ಕೈಯನ್ನು ಬೇರೆ ಕೆಲಸಕ್ಕೆ ಹಚ್ಚಬೇಕು ಎಂದು ಕಲಿತೆ. ಮೂರು ವರ್ಷದಲ್ಲಿ ಬಾಲ್ಕನಿ ತುಂಬಿತು, ಕಿಟಕಿಗಳು ತುಂಬಿದವು. ತಾಯಿಗಿಡದ ಸುತ್ತ ಮರಿಗಳು ಎದ್ದವು. ಮರಿಗಳನ್ನು ಕಿತ್ತು ಬೇರೆ ಕುಂಡಕ್ಕೆ ಹಾಕಿದರೆ ಅವೂ ಬಾಣಂತಿಯಾದವು. ಪ್ರತಿ ಕುಂಡದ ತಳದಲ್ಲೂ ಚೀಟಿ ಅಂಟಿಸಿ ನಂಬರು, ನೆಟ್ಟ ದಿನ ಬರೆದೆ. ನಮ್ಮವರು ಬಾಲ್ಕನಿಯಲ್ಲಿ ಬನಿಯನ್ ಒಣಹಾಕಿ ತೆಗೆದು ತೊಟ್ಟುಕೊಂಡು, "ಅಮ್ಮಾ!" ಎಂದು ಕೂಗುವುದು ಮನೆಯಲ್ಲಿ ದಿನಚರಿಯ ಒಂದು ಭಾಗವಾಯಿತು.

ಆಗ ರಾಯರು ಬಂದರು.

ರಾಯರು ಅಂದರೆ ನಮ್ಮ ಹೋಟೆಲಿನಲ್ಲಿ ದಿನಾ ನಾಲ್ಕು ಗಂಟೆಗೆ ಕಾಫಿ ಕುಡಿಯುವ ವೃದ್ಧರು. ಮೂರು ತಲೆಮಾರಿನಿಂದ ತ್ರಿಪ್ಲಿಕೇನಿನಲ್ಲೇ ಇರುವ ಕನ್ನಡದ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳೇ. ಮಹಡಿಯ ಮೇಲೆ ಇನ್ನೂರು ಕುಂಡ ಕಳ್ಳಿ ಬೆಳೆಸಿದ್ದರು. ಈಗ ಆ ಹಳೆಯ ಮನೆ ಕೆಡವಿ ಕಟ್ಟುವವರಿದ್ದರು, ಅವರು ಬಿಸಿಲೇ ಬೀಳದ ಕೆಳಅಂತಸ್ತಿನ ಮನೆಗೆ ಹೋಗುವವರಿದ್ದರು. ಇನ್ನೂರು ಗಿಡಕ್ಕೂ ವಾರಸುದಾರರು ಬೇಕಾಗಿದ್ದರು. ನಮ್ಮವರು ಹೆಮ್ಮೆಯಿಂದಲೋ ಪೀಡೆ ಹಂಚಿಕೊಳ್ಳುವ ಆಸೆಯಿಂದಲೋ ನನ್ನ ಹೆಸರು ಹೇಳಿದ್ದರು.

ರಾಯರು ಒಂದು ದಿನ ಮನೆಗೆ ಬಂದು ಬಾಲ್ಕನಿ ನೋಡಿದರು. ಆಮೇಲೆ ಚೀಲದಿಂದ ಒಂದು ಪುಟ್ಟ ಕುಂಡ ತೆಗೆದರು. ಅದರಲ್ಲಿದ್ದದ್ದು ಒಂದು ಕಲ್ಲು. ಬೂದುಬಣ್ಣ, ಬಿರುಕು ಬಿರುಕು, ನಿಂಬೆಹಣ್ಣಿನ ಗಾತ್ರ.

"ಇದು ಕಲ್ಲು ಅಲ್ಲಮ್ಮಾ, ಕಳ್ಳಿ ತಾನೆ. ಹನ್ನೆರಡು ವರುಷದ್ದು. ಒಂದು ಸಲವೂ ಹೂ ಬಿಟ್ಟಿಲ್ಲ. ಈ ವರುಷ ಬಿಟ್ಟರೂ ಬಿಡಬಹುದು. ವಿಜಯದಶಮಿ ತನಕ ನೀನು ಇಟ್ಕೋ. ನೀರು ಕಮ್ಮಿ. ಪಾಸ ಅದಕ್ಕಿಂತ ಕಮ್ಮಿ."

ಪಾಸ ಎಂದರೆ ತಮಿಳಿನಲ್ಲಿ ಅಕ್ಕರೆ.

"ವಿಜಯದಶಮಿಗೆ ಬಂದು ನೋಡ್ತೀನಿ. ಇದು ಚೆನ್ನಾಗಿದ್ರೆ ಇನ್ನೂರೂ ನಿನಗೇ. ಇಲ್ದೆ ಹೋದ್ರೆ ಬೇರೆಯವರನ್ನ ನೋಡ್ಬೇಕು, ಅಷ್ಟೆ."

ಸುಳ್ಳೇಕೆ ಹೇಳಲಿ, ಆ ಇನ್ನೂರು ಗಿಡ ನನಗೆ ಬೇಕಿತ್ತು! ಮದುವೆಯಲ್ಲಿ ಬಳೆಗೂ ಸೀರೆಗೂ ನಾನು ಇಷ್ಟು ಆಸೆಪಟ್ಟವಳಲ್ಲ. ಅವನ್ನು ಎಲ್ಲೆಲ್ಲಿ ಇಡಬೇಕೆಂದು ಮನೆಯ ನಕ್ಷೆಯನ್ನೇ ಬರೆದೆ. ನಕ್ಷೆಯಲ್ಲಿ ನಮ್ಮವರ ಮಂಚಕ್ಕೆ ಜಾಗ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಊರ ಕಡೆ ಮೆಟ್ಟಿಲು ಕಟ್ಟಿ ಗೊಂಬೆ ಇಡುವ ಪದ್ಧತಿ ನಮ್ಮ ಮನೆಗಳಲ್ಲಿ ಇಲ್ಲ. ಚೆನ್ನೈಗೆ ಬಂದ ಮೇಲೆ ನಾನೂ ಮೂರು ಮೆಟ್ಟಿಲಿನ ಕೊಲು ಶುರುಮಾಡಿದೆ. ಕೊಲು ನೋಡಲು ಬಂದ ಹೆಂಗಸರು ಕುಳಿತು ಒಂದು ಹಾಡು ಹೇಳಬೇಕು, ನಾವು ಅವರಿಗೆ ಕಡಲೆಯ ಉಸಲಿ, ಅಂದರೆ ಸುಂಡಲ್ ಕೊಟ್ಟು, ಕುಂಕುಮ ಹಚ್ಚಿ, ತಾಂಬೂಲದ ಜೊತೆಗೆ ಏನಾದರೊಂದು ಉಡುಗೊರೆ ಇಟ್ಟು ಕಳಿಸಬೇಕು. ಹೆಚ್ಚಾಗಿ ರವಿಕೆ ಕಣ. ಆ ಕಣವನ್ನು ಯಾರೂ ಹೊಲಿಸುವುದಿಲ್ಲ. ಅದು ಮನೆಯಿಂದ ಮನೆಗೆ ದಾಟುತ್ತಾ ಹೋಗುತ್ತದೆ. ಕಳೆದ ವರ್ಷ ನಾನು ಶುಕ್ರವಾರ ಕೊಟ್ಟ ನೇರಳೆ ಬಣ್ಣದ ಕಣ ಸೋಮವಾರ ನನಗೇ ಬಂದಿತ್ತು, ಮೂಲೆಯ ಶಾಯಿಚುಕ್ಕೆಯ ಸಮೇತ!

ಈ ವರ್ಷ ಹಾಗಾಗಬಾರದು ಎಂದು ಪಣ ತೊಟ್ಟೆ. ದಾಟಿಸಲಾಗದ ಉಡುಗೊರೆ ಕೊಡಬೇಕು. ಜೀವ ಇರುವುದನ್ನು ಯಾರಾದರೂ ದಾಟಿಸುತ್ತಾರೆಯೇ? ಇಪ್ಪತ್ತನಾಲ್ಕು ಕಳ್ಳಿಮರಿಗಳನ್ನು ಇಪ್ಪತ್ತನಾಲ್ಕು ಪುಟ್ಟ ಕುಂಡಗಳಲ್ಲಿ ನೆಟ್ಟು, ಕುಂಡಗಳಿಗೆ ಬಂಗಾರದ ಕಾಗದ ಸುತ್ತಿ, ಕುಂಕುಮದ ಬೊಟ್ಟಿಟ್ಟೆ. ಕೊಲುವಿನ ಕೆಳಗೆ ಮರಳು ಹರಡಿ ಮರುಭೂಮಿ ಮಾಡಿದೆ. ಗೊಂಬೆಯ ಒಂಟೆ ನಿಲ್ಲಿಸಿದೆ. ಶೋಭೆಗೆಂದು ರಾಯರ ಕುಂಡಕ್ಕೂ ಅದೇ ಬಂಗಾರದ ಕಾಗದ ಸುತ್ತಿ ಒಂಟೆಯ ಪಕ್ಕದಲ್ಲಿ ಇಟ್ಟೆ.

ಇಷ್ಟು ಓದಿದವರಿಗೆ ಮುಂದೆ ಏನಾಯಿತೆಂದು ಗೊತ್ತಾಗಿರಬಹುದು. ನನಗೆ ಮಾತ್ರ ಗೊತ್ತಾಗಲಿಲ್ಲ.

ಮೊದಲು ಬಂದವರು ಎದುರು ಮನೆಯ ಜಯಾ ಮಾಮಿ. (ನಾವು ಹೆಂಗಸರು ಮಾತಾಡುವುದೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ, ರುಚಿಗೆ ಒಂದೊಂದು ಮಾತು ಹಾಗೇ ಬಿಟ್ಟಿದ್ದೇನೆ.)

"ಅಯ್ಯಯ್ಯೋ, ಉಡುಪಿ ಮಾಮಿ! ಶುಕ್ರವಾರದ ದಿನವೇ ಮುಳ್ಳಿನ ಗಿಡವಾ?"

"ಇದು ಮುಳ್ಳಲ್ಲ ಮಾಮಿ, ಎಲೆ. ವಿಜ್ಞಾನದ ಪ್ರಕಾರ ಎಲೆಯೇ ಹೀಗೆ ಚೂಪಾಗಿರುವುದು."

ಮಾಮಿ ಕುಂಡ ಹಿಡಿದು ನೋಡಿ, ಬೆರಳು ಬಾಯಿಗೆ ಹಾಕಿಕೊಂಡು, "ವಿಜ್ಞಾನ ಚುಚ್ಚುತ್ತದೆ ಮಾಮಿ" ಎಂದರು.

ಆದರೂ ಸಂಜೆಯವರೆಗೆ ಇಪ್ಪತ್ತನಾಲ್ಕು ಜನ ಬಂದರು, ಇಪ್ಪತ್ತನಾಲ್ಕು ಕುಂಡ ಹೋದವು. ಬಾಗಿಲು ಹಾಕುವ ಹೊತ್ತಿಗೆ ಜಯಾ ಮಾಮಿ ಮತ್ತೆ ಬಂದರು, ಜೊತೆಗೆ ಎರಡು ಬೀದಿ ಆಚೆಯಿರುವ ತಮ್ಮ ನಾದಿನಿ ಕಮಲಾ ಮಾಮಿಯನ್ನು ಕರೆದುಕೊಂಡು. ಕಮಲಾ ಮಾಮಿ ಉಟ್ಟಿದ್ದು ನವಿಲಿನ ಕತ್ತಿನ ಬಣ್ಣದ ಕಾಂಚೀಪುರಂ ಸೀರೆ. ಅಂಚು ಇಷ್ಟಗಲ! ಬಾಗಿಲಿಗೆ ಬಂದ ಮುತ್ತೈದೆಯನ್ನು ಬರಿ ವೀಳ್ಯದೆಲೆ ಕೊಟ್ಟು ಕಳಿಸುವುದುಂಟೇ? ಕಣ್ಣು ಸೀರೆಯ ಅಂಚಿನ ಮೇಲೆ, ಬಾಯಿ "ಎಲ್ಲಿ ತಗೊಂಡ್ರಿ ಮಾಮಿ" ಎನ್ನುತ್ತಾ, ಕೈ ಹಿಂದಕ್ಕೆ ಚಾಚಿತು. ಬಂಗಾರದ ಕಾಗದ ಕೈಗೆ ತಗುಲಿತು. ಎತ್ತಿದೆ, ತಟ್ಟೆಯಲ್ಲಿಟ್ಟೆ, ನಮಸ್ಕಾರ ಮಾಡಿ ಕೊಟ್ಟೆ.

ಒಂದು ಗಂಟೆಯ ಮೇಲೆ ಮಗಳು ಮೇಘನಾ ಕಾಲೇಜಿನ ಚೀಲ ಕೆಳಗಿಟ್ಟು, ಸುಂಡಲ್ ಬಾಯಿಗೆ ಹಾಕಿಕೊಂಡು, "ಅಮ್ಮಾ, ಒಟ್ಟಗಂ ಪಕ್ಕತ್ತುಲ ಇರುಂದ ಕಲ್ಲು ಎಂಗೆ?" ಎಂದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರ ಕೊಡುವುದು. ಈಗ ಪ್ರಶ್ನೆಯನ್ನೂ ತಮಿಳಿನಲ್ಲೇ ಕೇಳಿದ್ದಳು.

ಒಂಟೆಯ ಪಕ್ಕದಲ್ಲಿ ಕಲ್ಲು ಇರಲಿಲ್ಲ. ಮರಳಿನಲ್ಲಿ ದುಂಡಗಿನ ಒಂದು ಗುರುತಿತ್ತು.

"ದೇವರೇ!" ಎಂದು ನಾನು ಮರುಭೂಮಿಯ ಪಕ್ಕದಲ್ಲೇ ಕುಸಿದೆ. ವಿಜಯದಶಮಿಗೆ ನಾಲ್ಕೇ ದಿನ.

ಮರುದಿನ ಬೆಳಿಗ್ಗೆಯೇ ಕಮಲಾ ಮಾಮಿಯ ಮನೆಗೆ ಹೋದೆ. ನವರಾತ್ರಿಯಲ್ಲಿ ಒಂದು ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿ ಬರುವಂತಿಲ್ಲ. ಕೂರಬೇಕು. ಗೊಂಬೆಗಳನ್ನು ಒಂದೊಂದಾಗಿ ಹೊಗಳಬೇಕು. ಹಾಡಬೇಕು. ನನಗೆ ಬರುವುದು ಒಂದೇ ದೇವರನಾಮ, ಅದೂ ಒಂದೂವರೆ ಚರಣ. ಅದನ್ನು ಹಾಡಿ, ಸುಂಡಲ್ ತಿಂದು, ಕೊನೆಗೆ ವಿಷಯಕ್ಕೆ ಬಂದೆ.

"ಆ ಕಲ್ಲಿನ ಕುಂಡವಾ? ನಿನ್ನೆಯೇ ಲಲಿತಾಗೆ ಕೊಟ್ಟೆ" ಎಂದರು ಕಮಲಾ ಮಾಮಿ ಕಿಂಚಿತ್ತೂ ಸಂಕೋಚವಿಲ್ಲದೆ. "ತಪ್ಪು ತಿಳೀಬೇಡಿ. ಮನೆಯೊಳಗೆ ಮುಳ್ಳುಗಿಡ ಇಡಬಾರದು ಅಂತ ನಮ್ಮತ್ತೆ."

"ಅದರಲ್ಲಿ ಮುಳ್ಳೇ ಇಲ್ಲವಲ್ಲ ಮಾಮಿ!"

"ಕಲ್ಲನ್ನೂ ಇಡಬಾರದು."

ಬರುವಾಗ ನನಗೂ ತಾಂಬೂಲ ಕೊಟ್ಟರು. ಚೀಲದಲ್ಲಿ ಏನೋ ಬಂಗಾರದ ಬಣ್ಣ ಮಿಂಚಿತು. ತಳ ತಿರುಗಿಸಿ ನೋಡಿದೆ: ನಂಬರು ಏಳು. ನಿನ್ನೆ ನಾನು ಮೊದಲ ಮಾಳಿಗೆಯವರಿಗೆ ಕೊಟ್ಟಿದ್ದ ಗಿಡ!

ಲಲಿತಾ ಮಾಮಿಯ ಮನೆಗೆ ಓಡಿದೆ. ಹಾಡು, ಸುಂಡಲ್. ಅವರು ಅದನ್ನು ವಿಶಾಲಂ ಮಾಮಿಗೆ ದಾಟಿಸಿದ್ದರು. ನನ್ನ ಕೈಗೆ ಬಂದದ್ದು ನಂಬರು ಹನ್ನೊಂದು. ವಿಶಾಲಂ ಮಾಮಿಯ ಮನೆ. ಹಾಡು, ಸುಂಡಲ್, ನಂಬರು ಮೂರು ಮತ್ತು ನಂಬರು ಹತ್ತೊಂಬತ್ತು. "ಎರಡಿತ್ತು, ನೀವು ಗಿಡದ ಪ್ರೇಮಿ ಅಂತ ಎರಡೂ ಇಟ್ಟೆ" ಎಂದರು ಅವರು ಉದಾರವಾಗಿ.

ಹೀಗೆ ಮೂರು ದಿನ ಪೋರೂರಿನ ಬೀದಿಗಳಲ್ಲಿ ಸುತ್ತಿದೆ. ಬಿಳಿ ಕಡಲೆ, ಕಪ್ಪು ಕಡಲೆ, ಹೆಸರುಕಾಳು, ಅಲಸಂದೆ, ಶೇಂಗಾ, ಎಲ್ಲ ಬಗೆಯ ಸುಂಡಲ್ ನನ್ನ ಹೊಟ್ಟೆಯಲ್ಲಿ ಕೊಲು ಕೂತಿತು. ಗಂಟಲು ಕಟ್ಟಿತು. ಐದನೆಯ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ, ಹಿಂದಿನೆರಡು ಮನೆಗಳಲ್ಲಿ ನನ್ನನ್ನು ಕೇಳಿದ್ದ ಒಬ್ಬಾಕೆ ಪಲ್ಲವಿ ಎತ್ತಿಕೊಟ್ಟರು. ಒಂದೂವರೆ ಚರಣ ಮುಗಿದಾಗ, "ಮಿಕ್ಕಿದ್ದು ಯಾವ ಮನೆಯಲ್ಲಿ ಹಾಡ್ತೀರಿ?" ಎಂದೂ ಕೇಳಿದರು.

ಮಹಾನವಮಿಯ ಸಂಜೆ ಎಣಿಸಿದೆ. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ವಾಪಸು ಬಂದಿದ್ದವು. ನಮ್ಮವರು ಸೋಫಾದಲ್ಲಿ ಕೂರಲು ಜಾಗ ಹುಡುಕುತ್ತಾ ಆ ಸಾಲನ್ನು ದಿಟ್ಟಿಸಿದರು.

"ನನ್ನ ಹೋಟೆಲಿನಲ್ಲಿ ಸಾಂಬಾರು ಇಷ್ಟು ವಾಪಸು ಬಂದಿದ್ದರೆ ನಾನು ಎಂದೋ ಬಾಗಿಲು ಹಾಕಿ ಊರಿಗೆ ಹೋಗ್ತಿದ್ದೆ."

"ತಮಾಷೆ ಮಾಡಬೇಡಿ. ರಾಯರ ಗಿಡ ಮಾತ್ರ ಬರಲಿಲ್ಲ. ನಾಳೆ ಅವರು ಬರ್ತಾರೆ. ಎಂತ ಮಾಡುವುದು?"

"ಇದ್ದದ್ದನ್ನು ಇದ್ದ ಹಾಗೆ ಹೇಳು. ತಪ್ಪಾಯಿತು ಅಂತ ಹೇಳು. ಅಷ್ಟು ಸಾಕಲ್ಲ?"

ಎಷ್ಟು ಒಳ್ಳೆಯ ಸಲಹೆ! ಹಾಗಾಗಿ ನಾನು ಅದನ್ನು ಕೇಳಲಿಲ್ಲ.

ಕೊನೆಯ ಮನೆಯಲ್ಲಿ ಜಾಡು ತಪ್ಪಿಹೋಗಿತ್ತು. "ಯಾರೋ ವಯಸ್ಸಾದ ಪಾಟ್ಟಿ, ಯಾರ ಜೊತೆಗೋ ಬಂದಿದ್ದರು, ಹೆಸರು ಗೊತ್ತಿಲ್ಲ, ಅವರ ಚೀಲಕ್ಕೆ ಹಾಕಿದೆ" ಎಂದಿದ್ದರು ಆ ಮನೆಯವರು. ಪೋರೂರಿನಲ್ಲಿರುವ ಪಾಟ್ಟಿಯರ, ಅಂದರೆ ಅಜ್ಜಿಯರ ಸಂಖ್ಯೆ ನೆನೆದು ಕೈಚೆಲ್ಲಿದೆ. ಆದರೆ ಇನ್ನೂರು ಗಿಡದ ಆಸೆ ಕೈಚೆಲ್ಲಲು ಬಿಡಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿಗೆ ಹೋಗಿ, ಜಲ್ಲಿಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಲ್ಲನ್ನು ಎತ್ತಿ ನೋಡಿದೆ. ಬೂದುಬಣ್ಣ, ಬಿರುಕು ಬಿರುಕು, ನಿಂಬೆಹಣ್ಣಿನ ಗಾತ್ರ. ಸಿಕ್ಕಿತು! ತಂದು ತೊಳೆದು, ಕುಂಡದ ಮರಳಿನಲ್ಲಿ ಅರ್ಧ ಹೂತು, ಮೇಲೆ ಹತ್ತಿಯ ಒಂದು ಎಳೆ ಅಂಟಿಸಿದೆ. ಅಸಲಿಯ ನೆತ್ತಿಯಲ್ಲಿ ಸ್ವಲ್ಪ ಬಿಳಿ ತುಪ್ಪುಳ ಇತ್ತು. ನಾನು ವಿವರದಲ್ಲಿ ಹಿಂದೆ ಬೀಳುವವಳಲ್ಲ.

ರಾಯರಿಗೆ ವಯಸ್ಸು ಎಂಬತ್ತರ ಹತ್ತಿರ. ಕಣ್ಣು ಮಂಜು. ಕಾಫಿ ಕೊಟ್ಟು ಮಾತಿಗೆ ಎಳೆದರೆ ಸಾಕು ಎಂದುಕೊಂಡೆ.

ವಿಜಯದಶಮಿಯ ಬೆಳಿಗ್ಗೆ ಹತ್ತಕ್ಕೆ ರಾಯರು ಬಂದರು. ಕಾಫಿ ಬೇಡವೆಂದರು. ಕುಂಡವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಜೇಬಿನಿಂದ ಭೂತಗನ್ನಡಿ ತೆಗೆದರು. ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ತಿರುಗುವ ಮನುಷ್ಯನ ಮುಂದೆ ನಾನು ಹತ್ತಿ ಅಂಟಿಸಿದ್ದೆ! ಸುಮಾರು ಹೊತ್ತು ನೋಡಿದರು. ನಮ್ಮವರು ಪಂಚಾಂಗದಲ್ಲಿ ಮುಖ ಮುಚ್ಚಿಕೊಂಡರು.

"ನೀರು ಹಾಕಿದ್ಯಾಮ್ಮಾ?"

"ಇಲ್ಲ ಸಾರ್! ಒಂದು ತೊಟ್ಟೂ ಇಲ್ಲ."

"ಸರಿ. ಜಲ್ಲಿಕಲ್ಲಿಗೆ ನೀರು ಬೇಡ."

ಮೇಘನಾ ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆಯೊಳಗೆ ಮುಖವಿಟ್ಟು ನಗುವ ಸದ್ದು ಬಂತು. ಎಲ್ಲವನ್ನೂ ಹೇಳಿದೆ: ಸೀರೆಯ ಅಂಚು, ಹಿಂದಕ್ಕೆ ಚಾಚಿದ ಕೈ, ದಾಟಿದ ಮನೆಗಳು, ಹೆಸರಿಲ್ಲದ ಪಾಟ್ಟಿ. ರಾಯರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಂಡವನ್ನು ಮೆಲ್ಲಗೆ ಕೆಳಗಿಟ್ಟು ಕೂತರು. ಭೂತಗನ್ನಡಿಯನ್ನು ಒರೆಸಿದರು. ಮತ್ತೆ ಒರೆಸಿದರು.

"ನಮ್ಮನೆಯಾಕೆ ಬೀಜ ಹಾಕಿದ್ಲು ಅದನ್ನ" ಎಂದರು. "ಹೂವು ಯಾವ ಬಣ್ಣ ಅಂತ ನೋಡದೇ ಹೊರಟುಹೋದ್ಲು. ಇರಲಿ ಬಿಡಮ್ಮಾ."

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಹೊತ್ತು ಇನ್ನೂರರ ಲೆಕ್ಕ ಹಾಕುತ್ತಿದ್ದವಳಿಗೆ ಆ ಒಂದರ ಬೆಲೆ ಆಗ ಗೊತ್ತಾಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಟೆರೇಸಿನಿಂದ ಕೂಗು ಕೇಳಿತು. "ಮಳೈ! ಮಳೈ ವರುದು! ಮೊಳಗಾ! ಯಾರಾವದು ವಾಂಗಳೇನ್!"

ಮಳೆ ಬರುತ್ತಿದೆ, ಮೆಣಸಿನಕಾಯಿ ಎತ್ತಲು ಯಾರಾದರೂ ಬನ್ನಿ ಎಂದು ನಾಲ್ಕನೆಯ ಮಾಳಿಗೆಯ ಶೇಷಮ್ಮ ಪಾಟ್ಟಿಯ ದನಿ. ಐಪ್ಪಸಿ ತಿಂಗಳ ಹಿಂಗಾರು ಮಳೆ ಹಿಡಿಯುವ ಮೊದಲು ಸಾಂಬಾರುಪುಡಿಗೆ ಮೆಣಸಿನಕಾಯಿ, ಕೊತ್ತಂಬರಿ ಒಣಗಿಸುವುದು ಪಾಟ್ಟಿಯ ವಾರ್ಷಿಕ ಯುದ್ಧ. ಆ ಕೂಗು ಬಂದರೆ ಇಡೀ ಕಟ್ಟಡ ಮೇಲೆ ಓಡಬೇಕು, ಅದು ನಮ್ಮಲ್ಲಿ ಕಾನೂನು. ನಾನು ಓಡಿದೆ, ನಮ್ಮವರು ಓಡಿದರು, ಮಗಳು ಓಡಿದಳು. ಕೂಗಿನ ತುರ್ತು ಕೇಳಿ ಏನೋ ಬೆಂಕಿಯೆಂದುಕೊಂಡ ರಾಯರೂ ಕೋಲೂರಿಕೊಂಡು ಹತ್ತಿದರು.

ಟೆರೇಸಿನಲ್ಲಿ ಹಳೆಯ ಪಂಚೆ ಹಾಸಿತ್ತು, ಅದರ ತುಂಬ ಕೆಂಪು ಮೆಣಸಿನಕಾಯಿ. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟಿದ್ದರು. ಒಂದು ಮೂಲೆಗೆ ಇಟ್ಟಿಗೆ. ಒಂದಕ್ಕೆ ಪೇಂಟಿನ ಡಬ್ಬ. ಒಂದಕ್ಕೆ ಹಳೆಯ ರುಬ್ಬುಗುಂಡು.

ನಾಲ್ಕನೆಯದಕ್ಕೆ ಬಂಗಾರದ ಕಾಗದ ಸುತ್ತಿದ ಪುಟ್ಟ ಕುಂಡ.

ಕಲ್ಲಿನ ನೆತ್ತಿ ಸೀಳಿ ಒಂದು ಹೂ ಅರಳಿತ್ತು. ಗುಲಾಬಿ ಬಣ್ಣ. ಗಿಡಕ್ಕಿಂತ ದೊಡ್ಡದು!

ರಾಯರು ಆಗಲೇ ಹನಿ ಬಿದ್ದು ಒದ್ದೆಯಾಗತೊಡಗಿದ್ದ ನೆಲದಲ್ಲೇ, ಮೆಣಸಿನಕಾಯಿಯ ಪಕ್ಕದಲ್ಲಿ ಕೂತುಬಿಟ್ಟರು. ಪಾಟ್ಟಿ, "ಯಾರಿವರು? ಎದ್ದೇಳಿ, ಪಂಚೆ ಎಳೀಬೇಕು!" ಎಂದು ಗದರಿದರು.

ಮೆಣಸಿನಕಾಯಿಯನ್ನು ಒಳಗೆ ಸಾಗಿಸಿದ ಮೇಲೆ ಮೆಟ್ಟಿಲ ಬಾಗಿಲಲ್ಲಿ ನಿಂತು ರಾಯರು ವಿಚಾರಣೆ ಶುರುಮಾಡಿದರು, ದೊಡ್ಡ ವೈದ್ಯರ ಮುಂದೆ ನಿಂತ ಸಣ್ಣ ವೈದ್ಯರ ಹಾಗೆ.

"ನೀವು ಏನು ಮಾಡಿದ್ರಿ ಇದಕ್ಕೆ?"

"ನಾನೇನು ಮಾಡಿದೆ? ಯಾರೋ ಕಲ್ಲು ಕೊಟ್ಟರು. ಇಟ್ಟೆ."

"ನೀರು?"

"ಕಲ್ಲಿಗೆ ಯಾರಾದರೂ ನೀರು ಹಾಕ್ತಾರಾ?"

"ದಿನಾ ನೋಡ್ತಿದ್ರಾ?"

"ನನಗೆ ಕಣ್ಣು ಅಷ್ಟು ಕಾಣಿಸೋಲ್ಲಪ್ಪಾ."

ರಾಯರು ಎರಡೂ ಕೈ ಎತ್ತಿ ಪಾಟ್ಟಿಗೆ ಮುಗಿದರು. ನೀರಿಲ್ಲ, ನೆರಳಿಲ್ಲ, ಅಕ್ಕರೆಯ ಹೆಸರೇ ಇಲ್ಲ! ಮೂರು ವರ್ಷ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತದ್ದನ್ನು ಈಕೆ ಒಂದು ಮೂಲೆಗೆ ಇಟ್ಟು ಮರೆತು ಮಾಡಿ ಮುಗಿಸಿದ್ದರು.

"ಇಂಥದ್ದು ಇನ್ನೂರು ಇದೆ. ಇಲ್ಲಿ ತಂದಿಡಲಾ?"

ಪಾಟ್ಟಿ ಯೋಚಿಸಿದರು. "ಪಂಚೆಗೆ ನಾಲ್ಕೇ ಮೂಲೆ ತಾನೆ ಇರೋದು? ಸರಿ, ಗೋಡೆ ಪಕ್ಕ ಇಡಿ. ಆದರೆ ನನ್ನಿಂದ ಏನೂ ಮಾಡೋಕಾಗಲ್ಲ, ಈಗಲೇ ಹೇಳಿದೀನಿ."

"ಅದೇ ಬೇಕಾಗಿರೋದು" ಎಂದರು ರಾಯರು, ಗದ್ಗದಿತರಾಗಿ.

ಮುಂದಿನ ವಾರ ಟೆಂಪೋದಲ್ಲಿ ಇನ್ನೂರು ಕುಂಡ ಬಂತು, ಮಳೆಗೆ ಹಾಕುವ ಪ್ಲಾಸ್ಟಿಕ್ ಚಪ್ಪರವೂ ಬಂತು. ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಾಳಿಗೆ ಹೊತ್ತವಳು ನಾನು. ಅವು ನಮ್ಮ ಮನೆಯ ಬಾಗಿಲ ಮುಂದೆಯೇ ಹಾದು ಮೇಲೆ ಹೋದವು, ಒಂದೊಂದಾಗಿ, ನನ್ನ ಕೈಯಲ್ಲೇ. ಎಲ್ಲ ಇಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾಗ ರಾಯರು ಪಾಟ್ಟಿಗೆ ಮೆಲ್ಲಗೆ ಏನೋ ಹೇಳಿ, ನನ್ನ ಕಡೆ ಕಣ್ಣು ತೋರಿಸಿದ್ದೂ ಕಂಡಿತು.

ಅಂದಿನಿಂದ ಟೆರೇಸಿನ ಬೀಗದ ಕೈ ಪಾಟ್ಟಿಯ ಸೊಂಟದಲ್ಲಿದೆ. ಗಿಡ ನೋಡಬೇಕೆನಿಸಿದರೆ ನಾನು ಹೋಗಿ ಬಾಗಿಲು ತಟ್ಟಬೇಕು. ಪಾಟ್ಟಿ ಕಿಂಡಿಯಷ್ಟು ತೆರೆದು, ಮಂಜುಗಣ್ಣು ಕಿರಿದು ಮಾಡಿ, "ಮೊದಲು ಎರಡೂ ಕೈ ತೋರಿಸು" ಎನ್ನುತ್ತಾರೆ.

ತೋರಿಸುತ್ತೇನೆ. ನೀರಿನ ಲೋಟ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಬೀಗ ತೆಗೆಯುವುದು!